ಬೆಂಡಿನ ವಿಮಾನ

ನಮ್ಮ ಚಿತ್ರದುರ್ಗದ ಕಡೆ ಜೋಳದ ಕೊಯ್ಲು ಮುಗಿಯಿತೆಂದರೆ ಮಕ್ಕಳ ಆಟದ ಸಾಮಾನಿಗೆ ಬರವೇ ಇರುತ್ತಿರಲಿಲ್ಲ. ದಂಟಿನ ಸಿಪ್ಪೆ ಸುಲಿದರೆ ಒಳಗೆ ಬೆಳ್ಳನೆಯ ಬೆಂಡು. ಸಿಪ್ಪೆಯನ್ನು ಸೀಳಿದರೆ ಅದೇ ಕಡ್ಡಿ, ಅದೇ ಮೊಳೆ. ಬೆಂಡಿಗೆ ಕಡ್ಡಿ ಚುಚ್ಚಿ ಚುಚ್ಚಿ ಎತ್ತಿನ ಗಾಡಿ, ಮಂಚ, ತೊಟ್ಟಿಲು ಮಾಡುತ್ತಿದ್ದೆವು. ಕಡ್ಡಿಯನ್ನು ಬಾಗಿಸಿ ಎರಡೂ ತುದಿ ಚುಚ್ಚಿದರೆ ಕನ್ನಡಕ. ಅದನ್ನು ಮೂಗಿಗೇರಿಸಿಕೊಂಡು ನಾನು ಟೀಚರ್ ಆಟ ಆಡಿದ್ದೇ ಹೆಚ್ಚು, ಮುಂದೆ ನಿಜವಾಗಿ ಟೀಚರೇ ಆದೆ. ಸಂಜೆ ಅಮ್ಮ ಕಸ ಗುಡಿಸುವಾಗ ನಮ್ಮ ಗಾಡಿ, ತೊಟ್ಟಿಲುಗಳೆಲ್ಲ ಹಂಡೆಯ ಒಲೆ ಸೇರುತ್ತಿದ್ದವು. ಯಾರೂ ಅಳುತ್ತಿರಲಿಲ್ಲ. ಬೆಂಡಿಗೆ ಯಾರಾದರೂ ಅಳುತ್ತಾರೆಯೇ? ನಮ್ಮ ಮಾತಿನಲ್ಲೇ ಅದಕ್ಕೆ ಮರ್ಯಾದೆ ಕಡಿಮೆ. ದಣಿದವರು ಬಳಲಿ ಬೆಂಡಾಗುತ್ತಾರೆ. ಮದುವೆಯ ಬಾಸಿಂಗವಾಗಿ ಹಣೆಗೇರಿದ ಹೊತ್ತು ಬಿಟ್ಟರೆ ಬೆಂಡಿಗೆ ಬೇರೆ ಗೌರವವಿಲ್ಲ.

ಈ ಬೆಂಡಿನ ನೆನಪು ನನಗೆ ಮತ್ತೆ ಬಂದದ್ದು 2024ರ ಜೂನ್ 24ರಂದು, ಒಂದು ಸೋಮವಾರ. ಹಿಂದಿನ ದಿನ, ಭಾನುವಾರ ಬೆಳಿಗ್ಗೆ, ನಮ್ಮ ಜಿಲ್ಲೆಯ ಚಳ್ಳಕೆರೆಯ ಹತ್ತಿರದ ಪ್ರಯೋಗ ಕೇಂದ್ರದಲ್ಲಿ ಇಸ್ರೋದವರು 'ಪುಷ್ಪಕ್' ಎಂಬ ಪುಟ್ಟ ವಾಹನವನ್ನು ಹೆಲಿಕಾಪ್ಟರಿನಿಂದ ಕೆಳಗೆ ಬಿಟ್ಟಿದ್ದರು. ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ, ಎಂಜಿನ್ ಇಲ್ಲದೆ, ಒಳಗೆ ಮನುಷ್ಯರಿಲ್ಲದೆ, ತಾನೇ ದಾರಿ ಹುಡುಕಿಕೊಂಡು ಬಂದು ಅದು ರನ್‌ವೇ ಮೇಲೆ ಇಳಿದಿತ್ತು. ಇಂಥ ಇಳಿತ ಅಲ್ಲಿ ಅದು ಮೂರನೆಯದು. ಮೊದಲನೆಯದು 2023ರ ಏಪ್ರಿಲ್ 2ರಂದು, ಎರಡನೆಯದು 2024ರ ಮಾರ್ಚ್ 22ರಂದು ನಡೆದಿದ್ದವು. ಮುಂದೊಂದು ದಿನ ಅಂತರಿಕ್ಷಕ್ಕೆ ಹೋಗಿ, ವಿಮಾನದ ಹಾಗೆ ಹಿಂತಿರುಗಿ, ಮತ್ತೆ ಹೋಗಬಲ್ಲ ವಾಹನಕ್ಕೆ ಇದು ಅಭ್ಯಾಸ.

ಎಂಟನೇ ತರಗತಿಯಲ್ಲಿ ನಾನು ಇತಿಹಾಸದ ಪುಸ್ತಕ ತೆಗೆಯುವ ಮೊದಲೇ ಒಬ್ಬ ಹುಡುಗ ಎದ್ದು ನಿಂತ. "ಮಿಸ್, ಇಂಥದ್ದನ್ನ ಮೊದಲು ಯಾರು ಮಾಡಿದ್ದು?"

"ವಿಜ್ಞಾನದ ಮೇಷ್ಟ್ರನ್ನ ಕೇಳು" ಎನ್ನಬಹುದಿತ್ತು. ಆದರೆ ಮೊದಲು ಯಾರು ಎಂಬುದು ಇತಿಹಾಸದ ಪ್ರಶ್ನೆ, ತಪ್ಪಿಸಿಕೊಳ್ಳುವಂತಿರಲಿಲ್ಲ. "ನಾಳೆ ಹೇಳ್ತೀನಿ" ಎಂದೆ. ಆ ನಾಳೆ ಬರಲು ಮೂರು ವಾರ ಹಿಡಿಯಿತು. ನನ್ನ ಅಕ್ಕನ ಮಗ ಬೆಂಗಳೂರಿನಿಂದ ಒಂದು ದಪ್ಪ ಪುಸ್ತಕವನ್ನು ಮುದ್ರಿಸಿ ತಂದುಕೊಟ್ಟ. ಡೇಲ್ ರೀಡ್ ಎಂಬ ಅಮೆರಿಕದ ಎಂಜಿನಿಯರು ರೆಕ್ಕೆಯಿಲ್ಲದ ಹಾರಾಟದ ಬಗ್ಗೆ ತಾವೇ ಬರೆದದ್ದು, 1997ರಲ್ಲಿ ನಾಸಾ ಪ್ರಕಟಿಸಿದ್ದು. ಬಿ.ಎ. ಓದಿದ ನನಗೆ ಅದರಲ್ಲಿ ಅರ್ಧ ಅರ್ಥವಾಗಲಿಲ್ಲ. ಅರ್ಥವಾದ ಅರ್ಧ ಮಾತ್ರ ನನ್ನನ್ನು ಬಿಡಲಿಲ್ಲ. ಅದಕ್ಕೆ ಇನ್ನೊಂದು ಕಾರಣವೂ ಇದೆ, ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಆ ಕಾಲದ ಕಷ್ಟ ಏನೆಂದು ತಿಳಿಯಬೇಕು. ಭೂಮಿಯನ್ನು ಸುತ್ತುವ ನೌಕೆ ಗಂಟೆಗೆ ಸುಮಾರು 28,000 ಕಿಲೋಮೀಟರ್ ವೇಗದಲ್ಲಿರುತ್ತದೆ. ಆ ವೇಗದಲ್ಲಿ ಗಾಳಿಯೊಳಕ್ಕೆ ನುಗ್ಗಿದರೆ ಸುಟ್ಟುಹೋಗುತ್ತದೆ. ಬಾಣದಂತೆ ಮೂತಿ ಚೂಪಾಗಿದ್ದರೆ ಸಲೀಸಾಗಿ ನುಗ್ಗೀತು ಎಂದು ನಮ್ಮಂಥವರಿಗೆ ತೋಚುತ್ತದೆ. ಹಾರ್ವೆ ಆಲೆನ್ ಎಂಬ ವಿಜ್ಞಾನಿ 1950ರ ದಶಕದ ಮೊದಲಲ್ಲೇ ಇದಕ್ಕೆ ತದ್ವಿರುದ್ಧ ಹೇಳಿದರು. ಮೂತಿ ಮೊಂಡಾಗಿರಬೇಕು. ಮೊಂಡು ಮೂತಿ ತನ್ನ ಮುಂದಿನ ಗಾಳಿಯನ್ನು ತಳ್ಳಿಕೊಂಡು ಹೋಗುತ್ತದೆ, ಬಿಸಿಯ ಬಹುಪಾಲು ಆ ಗಾಳಿಗೇ ಹೋಗುತ್ತದೆ, ನೌಕೆ ಉಳಿಯುತ್ತದೆ. ಅದಕ್ಕೇ ಅಮೆರಿಕದ ಮೊದಲ ಗಗನಯಾತ್ರಿಗಳ ನೌಕೆಗಳು ಗಂಟೆಯ ಆಕಾರದಲ್ಲಿದ್ದು, ಅಗಲವಾದ ತಳ ಮುಂದಾಗಿ ಇಳಿಯುತ್ತಿದ್ದವು.

ಸುಡುವುದೇನೋ ತಪ್ಪಿತು, ಆದರೆ ಗಂಟೆ ಹಾರುವುದಿಲ್ಲವಲ್ಲ. ಅದು ಕಲ್ಲಿನಂತೆ ಬೀಳುತ್ತದೆ. ಕೊನೆಗೆ ಪ್ಯಾರಾಚೂಟು ಬಿಚ್ಚಿಕೊಂಡು ಸಮುದ್ರಕ್ಕೆ. 1961ರ ಜುಲೈನಲ್ಲಿ ಗಸ್ ಗ್ರಿಸಮ್ ಇಳಿದ ನೌಕೆ ನೀರು ತುಂಬಿ ಮುಳುಗಿಹೋಯಿತು, ಅವರು ಈಜಿ ಬದುಕಿದರು. 1962ರ ಮೇ ತಿಂಗಳಲ್ಲಿ ಸ್ಕಾಟ್ ಕಾರ್ಪೆಂಟರ್ ಇಳಿಯಬೇಕಾದ ಜಾಗದಿಂದ ಸುಮಾರು 400 ಕಿಲೋಮೀಟರ್ ಆಚೆ ಬಿದ್ದು, ರಬ್ಬರ್ ದೋಣಿಯಲ್ಲಿ ಕೂತು ಹಡಗಿನವರ ದಾರಿ ಕಾದರು. ಅಂತರಿಕ್ಷದಿಂದ ಬಂದವನನ್ನು ಹುಡುಕಲು ನೌಕಾಪಡೆಯೇ ಹೊರಡಬೇಕು! ತಾನು ಇಳಿಯುವ ಜಾಗವನ್ನು ತಾನೇ ಆರಿಸಿಕೊಳ್ಳುವ ನೌಕೆ ಬೇಕಿತ್ತು. ರೆಕ್ಕೆ ಇಟ್ಟರೆ ಆ ಬಿಸಿಯಲ್ಲಿ ರೆಕ್ಕೆ ಉಳಿಯುವುದು ಹೇಗೆ ಎಂಬ ಚಿಂತೆ. ಹಾಗಾದರೆ ರೆಕ್ಕೆಯೇ ಇಲ್ಲದೆ, ಮೈಯಿಂದಲೇ ತೇಲುವಂತೆ ಮಾಡಿದರೆ?

ಆಲ್ಫ್ರೆಡ್ ಎಗರ್ಸ್ ಮತ್ತು ಅವರ ಸಂಗಡಿಗರು ಅಂಥದೊಂದು ಆಕಾರವನ್ನು ಲೆಕ್ಕ ಹಾಕಿ ಇಟ್ಟಿದ್ದರು. ಅದು ಹೇಗಿತ್ತೆಂದರೆ, ಒಂದು ದಪ್ಪ ಮೂಲಂಗಿಯನ್ನು ಉದ್ದಕ್ಕೆ ಎರಡು ಸೀಳು ಮಾಡಿ, ಒಂದು ಸೀಳನ್ನು ಚಪ್ಪಟೆ ಕಡೆ ಮೇಲಾಗಿ, ಉಬ್ಬಿದ ಕಡೆ ಕೆಳಗಾಗಿ ಹಿಡಿಯಿರಿ. ಚೂಪು ತುದಿಯನ್ನು ಉಜ್ಜಿ ಗುಂಡಗೆ ಮಾಡಿ. ಹಿಂಬದಿಗೆ ಎರಡು ಪುಟ್ಟ ಬಾಲದ ಹಲಗೆ ನಿಲ್ಲಿಸಿ. ಅಷ್ಟೇ. ಇದು ಹಾರುತ್ತದೆ ಎಂದು ಕಾಗದದ ಮೇಲೆ ಲೆಕ್ಕ ಹೇಳುತ್ತಿತ್ತು. ಕಣ್ಣು ಮಾತ್ರ ಒಪ್ಪುತ್ತಿರಲಿಲ್ಲ. ಇದರೊಳಗೆ ಮನುಷ್ಯನನ್ನು ಕೂರಿಸಿ ಮೇಲಿಂದ ಬಿಡುವ ಧೈರ್ಯ ಯಾರಿಗೂ ಬಂದಿರಲಿಲ್ಲ.

ಇಲ್ಲಿ ಬರುತ್ತಾರೆ ನಮ್ಮ ಡೇಲ್ ರೀಡ್. ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ, ಎಡ್ವರ್ಡ್ಸ್ ಎಂಬಲ್ಲಿ ನಾಸಾದ ಹಾರಾಟ ಸಂಶೋಧನಾ ಕೇಂದ್ರವಿತ್ತು. ಅಲ್ಲಿ ಎಂಜಿನಿಯರ್ ಆಗಿದ್ದ ರೀಡ್ ಅವರಿಗೆ 1962ರಲ್ಲಿ 32ರ ಹರೆಯ. ಅವರೇನೂ ದೊಡ್ಡ ಅಧಿಕಾರಿಯಲ್ಲ. ಆದರೆ ಆಟದ ವಿಮಾನ ಮಾಡಿ ಹಾರಿಸುವ ಹುಚ್ಚಿತ್ತು. ಅವರು ಮೊದಲು ಕಾಗದ ಮಡಿಸಿ ಆ ಅರ್ಧ ಮೂಲಂಗಿಯನ್ನು ಮಾಡಿ, ಕಚೇರಿಯ ಓಣಿಯಲ್ಲಿ ಎಸೆದು ನೋಡಿದರು. ಅದು ಉರುಳಿ ಬೀಳದೆ ನೆಟ್ಟಗೆ ಹೋಯಿತು. ದೇಶದ ಅತಿ ವೇಗದ ವಿಮಾನಗಳನ್ನು ಪರೀಕ್ಷಿಸುವ ಕಚೇರಿಯಲ್ಲಿ ಸಂಬಳ ತೆಗೆದುಕೊಳ್ಳುವ ಎಂಜಿನಿಯರು ಕಾಗದದ ಆಟಿಕೆ ಹಾರಿಸುತ್ತಾ ಓಡಾಡುವುದನ್ನು ನೀವೇ ಊಹಿಸಿಕೊಳ್ಳಿ. ನಮ್ಮಲ್ಲಾಗಿದ್ದರೆ ಸಂಜೆಯೊಳಗೆ ಕಾರಣ ಕೇಳಿ ನೋಟೀಸು ಬರುತ್ತಿತ್ತು.

ಆಮೇಲೆ ಅವರು ಬಾಲ್ಸಾ ಮರ ಹಿಡಿದರು. ಬಾಲ್ಸಾ ದಕ್ಷಿಣ ಅಮೆರಿಕದ ಮರ. ಈಕ್ವೆಡಾರ್ ದೇಶದಿಂದ ಬರುವುದೇ ಹೆಚ್ಚು. ಒಂದು ಘನ ಅಡಿ ತೇಗ 18 ಕಿಲೋ ತೂಗಿದರೆ, ಅಷ್ಟೇ ಬಾಲ್ಸಾ 4-5 ಕಿಲೋ ತೂಗೀತು. ಉಗುರು ಊರಿದರೆ ಗುರುತು ಬೀಳುತ್ತದೆ, ಬ್ಲೇಡಿನಲ್ಲಿ ಕೊಯ್ಯಬಹುದು. ಸ್ಪ್ಯಾನಿಷ್ ಭಾಷೆಯಲ್ಲಿ ಬಾಲ್ಸಾ ಎಂದರೆ ತೆಪ್ಪ. 1947ರಲ್ಲಿ ಥಾರ್ ಹೆಯರ್‌ಡಾಲ್ ಒಂಬತ್ತು ಬಾಲ್ಸಾ ದಿಮ್ಮಿಗಳನ್ನು ಹಗ್ಗದಿಂದ ಕಟ್ಟಿ, ಪೆರು ದೇಶದಿಂದ 101 ದಿನ ತೇಲಿ ಪೆಸಿಫಿಕ್ ಸಾಗರದ ದ್ವೀಪ ಮುಟ್ಟಿದ್ದರು. ಬಾಲ್ಸಾದ ಒಂದು ತುಂಡನ್ನು ಅಕ್ಕನ ಮಗ ತಂದಿದ್ದ. ಕೈಯಲ್ಲಿ ಹಿಡಿದೊಡನೆ ನನಗೆ ಅನ್ನಿಸಿದ್ದು, ಇದು ನಮ್ಮ ಜೋಳದ ಬೆಂಡಿನ ದೊಡ್ಡಣ್ಣ.

ಇಂಥ ಮರದಲ್ಲಿ ರೀಡ್ ಎರಡು ಅಡಿ ಉದ್ದದ ಮಾದರಿ ಕೆತ್ತಿದರು. ಆಟದ ವಿಮಾನ ಮಾಡುವವರಿಗೆಲ್ಲ ಗೊತ್ತಿರುವ ಒಂದು ಗುಟ್ಟಿದೆ, ಇದು ಆಮೇಲೆ ನನ್ನ ಕತೆಗೂ ಬೇಕು. ಮೂತಿಯಲ್ಲಿ ತಕ್ಕಷ್ಟು ತೂಕವಿಲ್ಲದಿದ್ದರೆ ವಿಮಾನ ತಲೆ ಎತ್ತಿ, ನಿಂತು, ಹಿಂದಕ್ಕೆ ಕುಸಿಯುತ್ತದೆ. ತೂಕ ಹೆಚ್ಚಾದರೆ ನೇರ ನೆಲಕ್ಕೆ ಕುಕ್ಕುತ್ತದೆ. ಒಗ್ಗರಣೆಗೆ ಉಪ್ಪು ನೋಡುವಂತೆ ಚಿಟಿಕೆ ಚಿಟಿಕೆ ಸೇರಿಸಿ, ತೆಗೆದು ಹದ ಮಾಡಬೇಕು. ಎಂಜಿನ್ ಇರುವ ಇನ್ನೊಂದು ಆಟದ ವಿಮಾನ ರೀಡ್ ಅವರ ಮಾದರಿಯನ್ನು ಮೇಲಕ್ಕೆ ಒಯ್ದು ಬಿಡಬೇಕು, ಅದು ತೇಲುತ್ತಾ ಬಂದು ಇಳಿಯಬೇಕು. ಲ್ಯಾಂಕಾಸ್ಟರ್ ಊರಿನ ಹತ್ತಿರದ ಒಂದು ಬಯಲಿನಲ್ಲಿ ಈ ಆಟ ನಡೆಯಿತು.

ಆಗ ಕ್ಯಾಮೆರಾ ಹಿಡಿದು ನಿಂತವರು ರೀಡ್ ಅವರ ಹೆಂಡತಿ ಡೋನಾ. ಮಕ್ಕಳ ಹುಟ್ಟುಹಬ್ಬವನ್ನೋ ಪ್ರವಾಸವನ್ನೋ ತೆಗೆಯಲು ಜನ ಮನೆಯಲ್ಲಿ ಇಟ್ಟುಕೊಳ್ಳುತ್ತಿದ್ದ 8 ಮಿಲಿಮೀಟರ್ ಚಲನಚಿತ್ರ ಕ್ಯಾಮೆರಾ ಅದು. ಆಕಾಶದಿಂದ ಎರಡಡಿಯ ಬೊಂಬೆ ಇಳಿಯುವಾಗ ಅದರ ಜೊತೆಗೇ ಕ್ಯಾಮೆರಾ ತಿರುಗಿಸುವುದು ಸುಲಭವಲ್ಲ. ನಮ್ಮ ಮನೆಯ ಮದುವೆ ವೀಡಿಯೋಗಳಲ್ಲಿ ಎಷ್ಟು ತಲೆಗಳು ಕತ್ತರಿಸಿಹೋಗಿವೆ ಎಂಬುದನ್ನು ನೆನೆಸಿಕೊಂಡರೆ ಸಾಕು. ಡೋನಾ ಅವರ ಬಗ್ಗೆ ಇತಿಹಾಸದಲ್ಲಿ ಹೆಚ್ಚು ಸಿಗುವುದಿಲ್ಲ. ಗಂಡನ ಆಟಿಕೆ ಹುಚ್ಚಿಗೆ ಅವರು ಎಷ್ಟು ಸಲ ಬೇಸರಿಸಿಕೊಂಡಿದ್ದರೋ, ಊಟದ ಮೇಜಿನ ಮೇಲೆ ಎಷ್ಟು ಮರದ ಪುಡಿ ಒರೆಸಿದ್ದರೋ! ಆದರೆ ಆ ದಿನ ಅವರು ಬಯಲಿನಲ್ಲಿ ನಿಂತು ಅದನ್ನು ನೋಡಿದರು, ಬೇರೆಯವರೂ ನೋಡುವಂತೆ ಮಾಡಿದರು.

ರೀಡ್ ಆ ಫಿಲ್ಮನ್ನು ತಮ್ಮ ಕೇಂದ್ರದ ನಿರ್ದೇಶಕ ಪಾಲ್ ಬಿಕಲ್ ಅವರಿಗೂ ಎಗರ್ಸ್ ಅವರಿಗೂ ತೋರಿಸಿದರು. ಬಿಕಲ್ ಎಂಥವರೆಂದರೆ, 1961ರಲ್ಲಿ ಎಂಜಿನ್ನಿಲ್ಲದ ಗ್ಲೈಡರಿನಲ್ಲಿ 46,267 ಅಡಿ ಏರಿ ವಿಶ್ವದಾಖಲೆ ಮಾಡಿದವರು. ಗಾಳಿಯನ್ನು ಮೈಯಿಂದ ಬಲ್ಲವರು. ಮನೆಯ ಕ್ಯಾಮೆರಾದ ಚಿತ್ರ ನೋಡಿ ಅವರು ನಗಲಿಲ್ಲ. ಕೆಲಸ ಶುರುಮಾಡಿ ಎಂದರು. ಎಗರ್ಸ್ ತಮ್ಮ ಕೇಂದ್ರದ ದೊಡ್ಡ ಗಾಳಿ ಸುರಂಗವನ್ನು ಪರೀಕ್ಷೆಗೆ ಬಿಟ್ಟುಕೊಡಲು ಒಪ್ಪಿದರು.

ಮುಂದಿನ ಕತೆ ನಮ್ಮೂರ ಗರಡಿಯವರು ನಾಟಕ ಆಡಿಸಿದ ಹಾಗಿದೆ. ಅವರಿವರು ಬಿಡುವು ಮಾಡಿಕೊಂಡು ಬಂದು ಉಕ್ಕಿನ ಕೊಳವೆಗಳ ಚೌಕಟ್ಟು ಬೆಸೆದರು. ಹ್ಯಾಂಗರಿನ ಒಂದು ಮೂಲೆಗೆ ಪರದೆ ಕಟ್ಟಿ, ವಿಮಾನ ಕಂಡುಹಿಡಿದ ರೈಟ್ ಸಹೋದರರ ನೆನಪಿಗೆ 'ರೈಟ್ ಬೈಸಿಕಲ್ ಶಾಪ್' ಎಂದು ಬೋರ್ಡು ತೂಗುಹಾಕಿದರು. ಹೊರಗಿನ ಕವಚವನ್ನು ಎಲ್ ಮಿರಾಜ್ ಎಂಬಲ್ಲಿ ಗ್ಲೈಡರ್ ಮಾಡುತ್ತಿದ್ದ ಗಸ್ ಬ್ರಿಗ್ಲೆಬ್ ತೆಳುವಾದ ಪ್ಲೈವುಡ್ಡಿನಲ್ಲಿ ಮಾಡಿಕೊಟ್ಟರು. ಇಪ್ಪತ್ತು ಅಡಿ ಉದ್ದದ ವಾಹನ. ಒಟ್ಟು ಖರ್ಚು 30,000 ಡಾಲರ್, ಅಂದರೆ ಆಗಿನ ನಮ್ಮ ಲೆಕ್ಕದಲ್ಲಿ ಒಂದೂವರೆ ಲಕ್ಷ ರೂಪಾಯಿಯೂ ಇಲ್ಲ. ಅದಕ್ಕೆ ಎಂ2-ಎಫ್1 ಎಂದು ಹೆಸರಿಟ್ಟರು. ನೋಡಿದವರು ಇಟ್ಟ ಹೆಸರು 'ಹಾರುವ ಸ್ನಾನದ ತೊಟ್ಟಿ'.

ತೊಟ್ಟಿಯನ್ನು ಎಳೆಯುವುದಕ್ಕೆ ಪಾಂಟಿಯಾಕ್ ಎಂಬ ಕಾರನ್ನು ಕೊಂಡು, ರೇಸಿನ ಕಾರು ಮಾಡುವವರ ಕೈಯಲ್ಲಿ ಎಂಜಿನ್ನಿನ ಬಲ ಹೆಚ್ಚಿಸಿದರು. ಮುಂದಿನ ಸೀಟನ್ನು ಹಿಂದಕ್ಕೆ ಮುಖ ಮಾಡಿ ಕೂರಿಸಿದರು, ತೊಟ್ಟಿಯನ್ನು ನೋಡುತ್ತಿರಬೇಕಲ್ಲ. ಎಡ್ವರ್ಡ್ಸ್‌ನಲ್ಲಿ ರೋಜರ್ಸ್ ಎಂಬ ಒಣ ಕೆರೆ ಇದೆ, ಮೈಲಿಗಟ್ಟಲೆ ಚಪ್ಪಟೆ ನೆಲ. 1963ರ ಮಾರ್ಚಿನಲ್ಲಿ ಅಲ್ಲಿ ಮೊದಲ ಸಲ ಎಳೆದಾಗ ಮೂತಿ ಎತ್ತಿದ ತೊಟ್ಟಿ ಒಂದು ಚಕ್ರದಿಂದ ಇನ್ನೊಂದು ಚಕ್ರಕ್ಕೆ ಕುಣಿಯತೊಡಗಿತು. ನಿಲ್ಲಿಸಿ, ಗಾಳಿ ಸುರಂಗಕ್ಕೆ ಒಯ್ದು, ಚುಕ್ಕಾಣಿಯ ಜೋಡಣೆ ಬದಲಿಸಿ ಮತ್ತೆ ತಂದರು. ಏಪ್ರಿಲ್ 5ರಂದು ಹಗ್ಗದ ತುದಿಯಲ್ಲಿ ಅದು ನೆಲ ಬಿಟ್ಟಿತು. ಒಳಗೆ ಕೂತಿದ್ದವರು ಮಿಲ್ಟ್ ಥಾಂಪ್ಸನ್.

ಆಗಸ್ಟ್ 16ರಂದು ಕಾರಿನ ಬದಲು ಒಂದು ಡಕೋಟ ವಿಮಾನ ಎಳೆಯಿತು. ನಾವು ಲಡಾಸು ಬಸ್ಸಿಗೆ ಡಕೋಟ ಎನ್ನುತ್ತೇವಲ್ಲ, ಅದರ ಮೂಲ ಪುರುಷನೇ ಅದು. ಸುಮಾರು 12,000 ಅಡಿಯಲ್ಲಿ ಥಾಂಪ್ಸನ್ ಹಗ್ಗ ಬಿಟ್ಟರು. ಒಳ್ಳೆಯ ಗ್ಲೈಡರು ಒಂದು ಅಡಿ ಇಳಿಯುವುದರೊಳಗೆ ಮೂವತ್ತು ಅಡಿ ಮುಂದೆ ಹೋಗುತ್ತದೆ, ಈ ತೊಟ್ಟಿ ಹೋಗುತ್ತಿದ್ದುದು ಸುಮಾರು ಮೂರು ಅಡಿ. ಅಂದರೆ ಮೂತಿಯನ್ನು ನೆಲದ ಕಡೆ ತಿರುಗಿಸಿ ನುಗ್ಗಬೇಕು, ನೆಲ ಇನ್ನೇನು ಬಂತು ಎನ್ನುವಾಗ ಎತ್ತಬೇಕು. ಕೈ ಒಂದು ಕ್ಷಣ ತಡವಾದರೆ ಕತೆ ಮುಗಿಯಿತು. ಎರಡು ನಿಮಿಷದಲ್ಲಿ ಥಾಂಪ್ಸನ್ ಒಣ ಕೆರೆಯ ಮೇಲೆ ಸುಖವಾಗಿ ಇಳಿದರು. ಬಾಲ್ಸಾದ ಬೊಂಬೆ ಮಾಡಿ ತೋರಿಸಿದ್ದನ್ನು ಮನುಷ್ಯನೂ ಮಾಡಿದ್ದ.

ಆಮೇಲೆ ಇದೇ ಜಾತಿಯ ಲೋಹದ ವಾಹನಗಳು ಬಂದವು. ಎಲ್ಲವೂ ಸುಸೂತ್ರವಾಗಲಿಲ್ಲ. 1967ರ ಮೇ 10ರಂದು ಬ್ರೂಸ್ ಪೀಟರ್ಸನ್ ಇಳಿಯುವಾಗ ವಾಹನ ಪಲ್ಟಿ ಹೊಡೆದು, ಅವರು ಬದುಕಿದರೂ ಒಂದು ಕಣ್ಣು ಹೋಯಿತು. ಆದರೂ ಪ್ರಯೋಗ ನಿಲ್ಲಲಿಲ್ಲ. 1975ರ ಆಗಸ್ಟ್ 5ರಂದು ಜಾನ್ ಮ್ಯಾಂಕಿ ಇಂಥದೊಂದು ವಾಹನವನ್ನು ಕೆರೆಯ ಬಯಲಲ್ಲಲ್ಲ, ಕಾಂಕ್ರೀಟಿನ ರನ್‌ವೇ ಮೇಲೆಯೇ ಇಳಿಸಿದರು. ಆ ಹೊತ್ತಿಗೆ ನಾಸಾ ಸ್ಪೇಸ್ ಶಟಲ್ ಕಟ್ಟುತ್ತಿತ್ತು. ಶಟಲ್ಲಿಗೆ ರೆಕ್ಕೆಯಿತ್ತು, ಅದು ತೊಟ್ಟಿಯ ಮಗಳಲ್ಲ. ಆದರೆ ಎಂಜಿನ್ನಿನ ಸಹಾಯವಿಲ್ಲದೆ ಕಡಿದಾಗಿ ಇಳಿದು ಹೇಳಿದ ಜಾಗದಲ್ಲೇ ನಿಲ್ಲಬಹುದು ಎಂಬ ನಂಬಿಕೆ ಶಟಲ್ಲಿಗೆ ಬಂದದ್ದು ಈ ಹಾರಾಟಗಳಿಂದ.

ಶಟಲ್ಲಿನ ಕತೆಯಲ್ಲೂ ಆಟಿಕೆ ಮಾಡುವವರೊಬ್ಬರು ಬರುತ್ತಾರೆ. ಅಷ್ಟು ದೊಡ್ಡ ನೌಕೆಯನ್ನು ಊರಿಂದೂರಿಗೆ ಸಾಗಿಸುವುದು ಹೇಗೆ ಎಂಬ ಚರ್ಚೆ ನಡೆಯುತ್ತಿದ್ದಾಗ, ಹ್ಯೂಸ್ಟನ್ನಿನ ಎಂಜಿನಿಯರ್ ಜಾನ್ ಕೈಕರ್ ಅದನ್ನು ಜಂಬೋ ವಿಮಾನದ ಬೆನ್ನ ಮೇಲೆ ಕೂರಿಸಬಹುದೆಂದರು. ಹಲವರಿಗೆ ನಂಬಿಕೆ ಬರಲಿಲ್ಲ. ಅವರು ಎರಡನ್ನೂ ನಲವತ್ತರಲ್ಲಿ ಒಂದು ಪಾಲಿನಷ್ಟು ಚಿಕ್ಕದಾಗಿ ಮಾಡಿ, ರೇಡಿಯೋದಿಂದ ಹಾರಿಸಿ, ಗಾಳಿಯಲ್ಲೇ ಬೆನ್ನಿಂದ ಬೇರ್ಪಡಿಸಿ ತೋರಿಸಿದರು. 1977ರ ಆಗಸ್ಟ್ 12ರಂದು ನಿಜವಾದ ಜಂಬೋದ ಬೆನ್ನಿನಿಂದ 'ಎಂಟರ್‌ಪ್ರೈಸ್' ಎಂಬ ಶಟಲ್ ಹಾಗೆಯೇ ಬಿಡಿಸಿಕೊಂಡು ಇಳಿಯಿತು. 1981ರ ಏಪ್ರಿಲ್ 14ರಂದು 'ಕೊಲಂಬಿಯಾ' ಅಂತರಿಕ್ಷದಿಂದ ಬಂದು ಇಳಿದದ್ದು, ಪಾಂಟಿಯಾಕ್ ಕಾರು ಓಡಿದ ಅದೇ ಒಣ ಕೆರೆಯ ಮೇಲೆ.

ಕೊಲಂಬಿಯಾ ಎಂದರೆ ನಿಮಗೂ ನೆನಪಾಗಿರಬೇಕು. 2003ರ ಫೆಬ್ರವರಿ 1, ಶನಿವಾರ. ರಾತ್ರಿ ಟಿವಿಯಲ್ಲಿ ಆಕಾಶದಲ್ಲಿ ಹೊಗೆಯ ಗೀರುಗಳು, ಜೊತೆಗೆ ಕರ್ನಾಲದ ಹುಡುಗಿ ಕಲ್ಪನಾ ಚಾವ್ಲಾ ನಗುತ್ತಿದ್ದ ಪಟ. ಏಳು ಜನರೂ ಹೋದರು. ಆಗಿದ್ದಿಷ್ಟು. ಜನವರಿ 16ರಂದು ಹೊರಟ 82ನೇ ಸೆಕೆಂಡಿನಲ್ಲಿ, ಇಂಧನದ ದೊಡ್ಡ ತೊಟ್ಟಿಗೆ ಹೊದಿಸಿದ್ದ ನೊರೆಯಂಥ ಹೊದಿಕೆಯ ಒಂದು ತುಂಡು ಕಳಚಿ ಎಡ ರೆಕ್ಕೆಗೆ ಬಡಿದಿತ್ತು. ಮುಕ್ಕಾಲು ಕಿಲೋ ತೂಕದ ತುಂಡು, ಮುಟ್ಟಿದರೆ ಥರ್ಮೋಕೋಲಿನಂತೆ, ಬೆಂಡಿನಂತೆ ಹಗುರ. ಕೆಲವು ಎಂಜಿನಿಯರುಗಳು ರೆಕ್ಕೆಯ ಚಿತ್ರ ತೆಗೆಸಿ ನೋಡೋಣ ಎಂದು ಕೇಳಿದ್ದರು. ಮೇಲಿನವರು ಬೇಡವೆಂದರು. ನೊರೆ ಏನು ಮಾಡೀತು? ಜುಲೈನಲ್ಲಿ ತನಿಖೆಯವರು ಅಂಥದೇ ತುಂಡನ್ನು ಅದೇ ವೇಗದಲ್ಲಿ ರೆಕ್ಕೆಯ ಅಂಚಿಗೆ ಹೊಡೆದು ನೋಡಿದಾಗ ಒಂದು ಅಡಿಗಿಂತ ದೊಡ್ಡ ತೂತು ಬಿತ್ತು.

ಈಗ ನನ್ನ ಕಾರಣ ಹೇಳುತ್ತೇನೆ.

ಆ ಫೆಬ್ರವರಿಯಲ್ಲಿ ನನಗೆ ಮೂವತ್ತರ ಮೇಲೆ ಒಂದೆರಡು ವರ್ಷ. ಕಲ್ಪನಾ ಚಾವ್ಲಾಗೆ ಶಾಲೆಯಲ್ಲಿ ಶ್ರದ್ಧಾಂಜಲಿ ಸಭೆ ಮಾಡಿದೆವು, ನಾನೇ ಭಾಷಣ ಮಾಡಿದೆ. ಹೆಣ್ಣುಮಕ್ಕಳು ದೊಡ್ಡ ಕನಸು ಕಾಣಬೇಕು ಎಂದೆಲ್ಲ ಹೇಳಿದೆ. ವಾರ ಕಳೆದಿರಬೇಕು, ಒಂಬತ್ತನೇ ತರಗತಿಗೆ ಹೋದಾಗ ಕೊನೆಯ ಬೆಂಚಿನಿಂದ ಏನೋ ಹಾರಿ ಬಂದು ನನ್ನ ಮೇಜಿನ ಹತ್ತಿರ ಬಿತ್ತು. ಜೋಳದ ಬೆಂಡಿನಲ್ಲಿ ಮಾಡಿದ ಕೊಲಂಬಿಯಾ. ಪತ್ರಿಕೆಯ ಚಿತ್ರ ನೋಡಿ ಮಾಡಿದ್ದು. ಮೂರು ದಂಟಿನ ಬೆಂಡು ಜೋಡಿಸಿದ ಮೈ, ನೋಟುಬುಕ್ಕಿನ ರಟ್ಟಿನ ರೆಕ್ಕೆ, ಹೊಟ್ಟೆಗೆ ಮಸಿ ಬಳಿದು ಕಪ್ಪು ಮಾಡಿದ್ದಳು. ಶಟಲ್ಲಿನ ಹೊಟ್ಟೆ ಕಪ್ಪಗಿರುವುದನ್ನು ಅವಳು ಗಮನಿಸಿದ್ದಳು, ನಾನು ಗಮನಿಸಿರಲಿಲ್ಲ.

"ಪರೀಕ್ಷೆ ತಲೆ ಮೇಲಿದೆ, ಬೆಂಡಿನ ಆಟ ಆಡ್ತಾ ಇದೀಯಾ?" ಎಂದೆ. ತೆಗೆದುಕೊಂಡು ಹೋಗಿ ಸ್ಟಾಫ್ ರೂಮಿನ ಬೀರುವಿನ ಮೇಲಿಟ್ಟೆ.

ಮರುದಿನ ಅವಳು ಬಾಗಿಲಲ್ಲಿ ನಿಂತು ಕೇಳಿದಳು, "ಮಿಸ್, ಅದು ಕೊಡ್ರಿ." ಪರೀಕ್ಷೆ ಆದ ಮೇಲೆ ಎಂದೆ. ಇನ್ನೊಂದು ದಿನವೂ ಬಂದಳು. ಆಮೇಲೆ ಕೇಳಲಿಲ್ಲ. ಬೇಸಿಗೆ ರಜೆಯಲ್ಲಿ ಸುಣ್ಣ ಬಳಿಯುವವರು ಬೀರು ಸರಿಸಿದಾಗ ಅದು ಎಲ್ಲಿ ಹೋಯಿತೋ, ಜೂನ್‌ನಲ್ಲಿ ನಾನೂ ಹುಡುಕಲಿಲ್ಲ. ಹುಡುಗಿ ಎಸ್‌ಎಸ್‌ಎಲ್‌ಸಿ ಪಾಸಾದಳು, ಮುಂದೆ ಓದಲಿಲ್ಲ. ನನ್ನಿಂದಲೇ ಹೀಗಾಯಿತು ಎಂದು ಹೇಳಿಕೊಂಡರೆ ಅದೂ ಒಂದು ಬಗೆಯ ಜಂಬವಾಗುತ್ತದೆ. ಅವಳ ಮನೆಯಲ್ಲಿ ಬೇರೆ ಕಾರಣಗಳಿದ್ದವು. ಆದರೆ ಡೋನಾ ಕ್ಯಾಮೆರಾ ಹಿಡಿದ ಪುಟ ಓದುವಾಗ ನನಗೆ ಆ ಬೀರುವೇ ಕಣ್ಣ ಮುಂದೆ ಬಂತು.

ಆ ಜುಲೈನಲ್ಲಿ ನಮ್ಮ ಶಾಲೆಯ ಪೋಷಕರ ಸಭೆಗೆ ಅವಳು ಬಂದಳು. ಮಗಳು ನಮ್ಮಲ್ಲೇ ಎಂಟನೇ ತರಗತಿ ಸೇರಿದ್ದಾಳೆ. ಊರಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾಳೆ, ಕತ್ತಿನಲ್ಲಿ ಅಳತೆಯ ಟೇಪು ಹಾಗೇ ಇತ್ತು. ಸಭೆ ಮುಗಿದ ಮೇಲೆ ನಾನೇ ಮಾತು ತೆಗೆದೆ. ಅವಳಿಗೆ ಮರೆತಿರಬಹುದು ಎಂದುಕೊಂಡಿದ್ದೆ.

"ಅಯ್ಯೋ ಬಿಡ್ರಿ ಮಿಸ್, ಅದು ಹಾರ್ತಾನೇ ಇರಲಿಲ್ಲ" ಎಂದು ನಕ್ಕಳು. "ಮೂತಿ ಹಗುರ ಆಗಿತ್ತು. ಎಸೆದ್ರೆ ತಲೆ ಎತ್ತಿ ಹಿಂದಕ್ಕೇ ಬೀಳ್ತಿತ್ತು. ಮೂತಿಗೆ ಸ್ವಲ್ಪ ಜೇಡಿಮಣ್ಣು ಹಚ್ಚಬೇಕು ಅಂತ ಅವತ್ತೇ ಹೊಳೀತು. ಅಷ್ಟರಲ್ಲಿ ನೀವು ಇಸ್ಕೊಂಡ್ರಿ."

ಏನು ಹೇಳಲಿ? ಕ್ಷಮಿಸು ಎಂದರೆ ಅವಳಿಗೆ ಮುಜುಗರ. "ಭಾನುವಾರ ಮಗಳನ್ನ ಕರ್ಕೊಂಡು ಮನೆಗೆ ಬಾರಮ್ಮ. ದಂಟು ನಾನು ತರಿಸಿರ್ತೀನಿ" ಎಂದೆ.

ಬಣವೆಯ ಹಳೆಯ ದಂಟು ಸಿಕ್ಕಿತು. ಹೊರಗಿನವು ಮಳೆಗೆ ಕಪ್ಪಾಗಿದ್ದವು, ಒಳಗಿನವು ಚೆನ್ನಾಗಿದ್ದವು. ತಾಯಿ, ಮಗಳು ಇಬ್ಬರೂ ನಮ್ಮ ಜಗಲಿಯ ಮೇಲೆ ಕೂತು ಸಿಪ್ಪೆ ಸುಲಿದರು. ನಾನು ಕಡ್ಡಿ ಸೀಳಿಕೊಟ್ಟೆ, ಐವತ್ತು ದಾಟಿದ ಬೆರಳಿಗೆ ಎರಡು ಕಡೆ ಸಿಬಿರು ಚುಚ್ಚಿತು. ಅವಳು ಬೆಂಡನ್ನು ಬ್ಲೌಸಿನ ತೋಳು ಕತ್ತರಿಸುವಷ್ಟೇ ಸಲೀಸಾಗಿ ಓರೆಗೆ ಕತ್ತರಿಸಿ ಮೂತಿ ಗುಂಡಗೆ ಮಾಡಿದಳು. ರೆಕ್ಕೆಗೆ ಮದುವೆ ಕಾಗದದ ರಟ್ಟು. ಹೊಟ್ಟೆಗೆ ಈ ಸಲ ಸ್ಕೆಚ್ ಪೆನ್ನಿನ ಕಪ್ಪು, ಅದನ್ನು ಬಳಿದವಳು ಮಗಳು.

ಮಣ್ಣಿಲ್ಲದೆ ಎಸೆದೆವು. ತಲೆ ಎತ್ತಿ ಹಿಂದಕ್ಕೆ ಬಿತ್ತು. ಹುಣಸೆ ಬೀಜದಷ್ಟು ಜೇಡಿಮಣ್ಣು ಹಚ್ಚಿದೆವು, ಒಂದಿಷ್ಟು ಮುಂದೆ ಹೋಗಿ ಕುಸಿಯಿತು. ಇನ್ನಷ್ಟು ಹಚ್ಚಿದಾಗ ನೇರ ನೆಲಕ್ಕೆ ಕುಕ್ಕಿತು. "ಜಾಸ್ತಿ ಆಯ್ತು ಕಣಮ್ಮಾ" ಎಂದು ಮಗಳು ಉಗುರಿನಿಂದ ಚೂರು ಕೆರೆದು ತೆಗೆದಳು. ಆಮೇಲೆ ಎಸೆದದ್ದು ಜಗಲಿಯಿಂದ ಹೊರಟು, ಬಟ್ಟೆ ಒಣಗಿಸುವ ತಂತಿಯ ಕೆಳಗೆ ತೂರಿ, ತುಳಸಿ ಕಟ್ಟೆ ದಾಟಿ ಗೇಟಿನ ಹತ್ತಿರ ಹೊಟ್ಟೆಯ ಮೇಲೆ ಇಳಿಯಿತು. ನಾನು ಹೆಜ್ಜೆ ಹಾಕಿ ಎಣಿಸಿದೆ, ಹದಿನಾಲ್ಕು. ಅಕ್ಕನ ಮಗ ಫೋನಿನಲ್ಲಿ ಅದನ್ನು ಚಿತ್ರ ತೆಗೆದ. ಹುಡುಗಿಯ ತಲೆ ಅರ್ಧ ಕತ್ತರಿಸಿಹೋಗಿದೆ, ವಿಮಾನ ಮಾತ್ರ ಪೂರ್ತಿ ಕಾಣುತ್ತದೆ.

ಹೊರಡುವಾಗ ತಾಯಿ ಅದನ್ನು ಇಲ್ಲೇ ಇರಲಿ ಮಿಸ್ ಎಂದಳು. ಬೇಡ, ಒಯ್ಯಿ ಎಂದು ಹಳೆಯ ಸೀರೆಯ ಡಬ್ಬಿಯಲ್ಲಿಟ್ಟು ಮಗಳ ಕೈಗೆ ಕೊಟ್ಟೆ. ಅವಳು ಗೇಟು ದಾಟುವ ಮೊದಲೇ ಡಬ್ಬಿ ತೆರೆದು, ರೆಕ್ಕೆಯ ಒಂದು ಮೂಲೆಯನ್ನು ಬೆರಳಿನಿಂದ ಕೊಂಚ ಮೇಲಕ್ಕೆ ಬಾಗಿಸುತ್ತಿದ್ದಳು.